ಸನದಿನಲ್ಲಿ ಯಾರ ಹೆಸರು? ಗೋವಾದ ಕುಣಬಿ, ವೇಳಿಪ ಊರುಗಳಲ್ಲಿ

ಗುರುವಾರ, ಪಣಜಿ

ವಾಸ್ಕೋದಿಂದ ಹೊರಟ ಟೆಂಪೋ ಟ್ರಾವೆಲರ್‌ನಲ್ಲಿ ಡ್ರೈವರ್ ಒಬ್ಬರನ್ನು ಬಿಟ್ಟರೆ ಎಲ್ಲರೂ ಹೆಂಗಸರು, ಎಲ್ಲರೂ ಕನ್ನಡದವರು. ನಮ್ಮದೊಂದು ಸಣ್ಣ ಓದುವ ಗುಂಪು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಂದು ಕಥೆಯನ್ನೋ ಪದ್ಯವನ್ನೋ ಓದುತ್ತೇವೆ, ಅವಲಕ್ಕಿ ತಿನ್ನುತ್ತೇವೆ, ಸ್ವಲ್ಪ ಜಗಳ ಆಡುತ್ತೇವೆ. ಬ್ಯಾಂಕಿನಲ್ಲಿ ಇರುವವರಿದ್ದಾರೆ, ಶಾಲೆಯಿಂದ ನಿವೃತ್ತರಾದ ಧಾರವಾಡದ ಟೀಚರ್ ಇದ್ದಾರೆ, ಝುವಾರಿ ನಗರದಲ್ಲಿ ಬ್ಲೌಸ್ ಹೊಲಿಯುವ ಗದಗದ ಅಕ್ಕ ಇದ್ದಾರೆ. ನಾನು ಅಂಕೋಲೆಯವಳು. ಕೊಂಕಣಿ ಬರುತ್ತದೆ. ಹಾಗಾಗಿ ದುಭಾಷಿ ಕೆಲಸ ನನ್ನ ತಲೆಗೆ ಬಿತ್ತು.

ಜನವರಿಯಲ್ಲಿ ಗೋವಾದ ಬುಡಕಟ್ಟು ಸಮುದಾಯಗಳ ಊರುಗಳಲ್ಲಿ ಸಣ್ಣ ಸಣ್ಣ ಸಭೆಗಳು ನಡೆಯುತ್ತವೆ. ಸುಗ್ಗಿ ಮುಗಿದಿರುತ್ತದೆ, ರಾತ್ರಿ ತಂಪಾಗಿರುತ್ತದೆ, ಜನ ಕೂರಲು ಪುರುಸೊತ್ತಾಗಿರುತ್ತಾರೆ. ಈ ಸಲ ಅಂಥ ಕೆಲವು ಸಭೆಗಳಿಗೆ ಬರುತ್ತೇವೆ ಎಂದು ಮೊದಲೇ ಹೇಳಿಕೊಂಡಿದ್ದೆವು. ನೆಲ, ಹೆಂಗಸರ ಹಕ್ಕು, ಹಾಡು, ಬರಹ, ಎಲ್ಲದರ ಬಗ್ಗೆಯೂ ಮಾತು ಅಂತ ಕರೆದವರು ಹೇಳಿದ್ದರು.

ಮೊದಲನೆಯದು ಪಣಜಿಯ ಒಂದು ಎಸಿ ಹಾಲ್‌ನಲ್ಲಿ. ಅಲ್ಲಿ ಕೇಳಿದ ಅಂಕಿ ಅಂಶಗಳು ಮುಂದಿನ ದಿನಗಳಲ್ಲಿ ಬಹಳ ಉಪಯೋಗಕ್ಕೆ ಬಂದವು, ಅದಕ್ಕೇ ಇಲ್ಲಿ ಬರೆಯುತ್ತೇನೆ. ಗಾವಡಾ, ಕುಣಬಿ, ವೇಳಿಪ ಈ ಮೂರು ಸಮುದಾಯಗಳು ಗೋವಾದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 1,49,275 ಮಂದಿ. ಅಂದರೆ ಹತ್ತರಲ್ಲಿ ಒಬ್ಬರು. ಆದರೂ 40 ಸೀಟಿನ ವಿಧಾನಸಭೆಯಲ್ಲಿ ಅವರಿಗೆ ಮೀಸಲಾದ ಒಂದು ಸೀಟೂ ಇರಲಿಲ್ಲ. ಅದಕ್ಕೆ ದಾರಿ ಮಾಡುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2025ರ ಆಗಸ್ಟ್‌ನಲ್ಲಿ. ಗಾವಡಾಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, 1928ರ ಶುದ್ಧಿ ಚಳವಳಿಯಲ್ಲಿ ಕ್ರೈಸ್ತ ಧರ್ಮದಿಂದ ವಾಪಸ್ ಬಂದ ನವಹಿಂದೂಗಳೂ ಇದ್ದಾರೆ. ಮೂವರ ಮನೆಯ ಹಾಡೂ ಸುಮಾರಾಗಿ ಒಂದೇ ಎಂದು ಮಾತಾಡಿದವರು ಹೇಳಿದರು.

ಎಲ್ಲ ಸರಿ. ಆದರೆ ವೇದಿಕೆ ನೋಡಿ. ಸಾಲಾಗಿ ಗಂಡಸರು, ಕೊನೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು. ಕೇಪೆ ತಾಲೂಕಿನ ಹಳ್ಳಿಯಿಂದ ಬಸ್ ಹಿಡಿದು ಬಂದಿದ್ದರು. ಸ್ಲೈಡುಗಳು ಮುಗಿದು ಅವರ ಸರದಿ ಬರುವ ಹೊತ್ತಿಗೆ ಊಟದ ವಾಸನೆ ಒಳಗೆ ಬಂದಿತ್ತು. 'ಸ್ವಲ್ಪ ಬೇಗ' ಎಂದರು ನಿರೂಪಕರು. ಅವರು ನಿಜಕ್ಕೂ ಬೇಗ ಮುಗಿಸಿದರು. ಕುಣಬಿ ಸೀರೆ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ರ‍್ಯಾಂಪ್ ಮೇಲೂ ನಡೆದಿದೆ, ಬಹಳ ಸಂತೋಷ. ನಮ್ಮಜ್ಜಿ ಆ ಕೆಂಪು ಚೌಕಳಿ ಸೀರೆ ಮೊಣಕಾಲಿಗೆ ಕಟ್ಟಿದ್ದು ಗದ್ದೆಯ ಕೆಸರಿಗೆ ಇಳಿಯಬೇಕಿತ್ತು ಅಂತ. ಸೀರೆ ಪೇಟೆಗೆ ಬಂತು, ಗದ್ದೆಯ ಮಾತು ಬರಲಿಲ್ಲ. ನಾಳೆ ನಮ್ಮ ಊರಿಗೆ ಬನ್ನಿ, ಅದನ್ನು ಅಲ್ಲಿ ಮಾತಾಡೋಣ. ಇಷ್ಟು ಹೇಳಿ ಕೂತರು.

ಚಪ್ಪಾಳೆ ಜೋರಾಗಿಯೇ ಬಂತು. ನನಗೆ ಯಾಕೋ ಸಿಟ್ಟು ಬಂತು. ಅವರಿಗೇ ಒಂದು ಗಂಟೆ ಕೊಟ್ಟು, ಉಳಿದವರು ಸ್ಲೈಡ್ ತೋರಿಸಲು ಹತ್ತು ನಿಮಿಷ ತಗೊಂಡಿದ್ದರೆ ಏನಾಗುತ್ತಿತ್ತು? ಗದಗದ ಅಕ್ಕ ಮಾತ್ರ ಫಿಶ್ ಥಾಲಿಯ ಮುಂದೆ ಕೂತು, 'ಆಕಿ ನಾಳೆ ಬರ್ರಿ ಅಂದಾಳಲ್ಲ, ಹೋಗೂಣು, ಸುಮ್ನ ಉಣ್ಣು ತಂಗಿ' ಅಂದರು.

ಶುಕ್ರವಾರ, ರಿವಣ ಮತ್ತು ಕಾವ್ರೆ

ಮಡಗಾಂವ್ ದಾಟಿ ಕೇಪೆ ಹಾದು ಒಳಗೆ ಹೋಗುತ್ತಿದ್ದಂತೆ ನೀವು ಫೋಟೋದಲ್ಲಿ ನೋಡುವ ಗೋವಾ ಮುಗಿಯುತ್ತದೆ. ಸಮುದ್ರ ಇಲ್ಲ, ಬೀಚಿನ ಶ್ಯಾಕ್ ಹೋಟೆಲ್ ಇಲ್ಲ. ಗೇರು ಗುಡ್ಡ, ಅಡಿಕೆ ತೋಟ, ಜಂಬಿಟ್ಟಿಗೆ ಮನೆಗಳು. ನನ್ನ ಅಂಕೋಲೆಯ ಒಳಭಾಗಕ್ಕೆ ಬಂದ ಹಾಗೇ ಅನಿಸಿತು.

ರಿವಣದ ಹತ್ತಿರ ಉಸ್ಗಾಳಿಮಳದಲ್ಲಿ ಇಳಿದೆವು. ಕುಶಾವತಿ ಹೊಳೆಯ ದಂಡೆ. ನೆಲದ ಜಂಬಿಟ್ಟಿಗೆ ಬಂಡೆಯ ಮೇಲೆ ಬಹಳ ಹಳೆಯ ಕಾಲದವರು ಕೊರೆದ ಚಿತ್ರಗಳಿವೆ. ಗೂಳಿಗಳು, ಜಿಂಕೆ, ಸುತ್ತಿ ಸುತ್ತಿ ಒಳಗೆ ಹೋಗುವ ಚಕ್ರವ್ಯೂಹ, ಹೆಣ್ಣಿನ ಆಕೃತಿಗಳು. ಪುರಾತತ್ವದವರ ಕಣ್ಣಿಗೆ ಇವು ಬಿದ್ದಿದ್ದು 1993ರಲ್ಲಿ. ಹಾಗಂದರೆ ಊರವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅಂತಲ್ಲ. ದನ ಮೇಯಿಸುವವರು ದಿನಾ ಅದರ ಮೇಲೇ ಓಡಾಡುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಏರಿ ಬಂಡೆಯನ್ನು ಮುಚ್ಚುತ್ತದೆ, ನೀರು ಇಳಿದ ಮೇಲೆ ಹೂಳು ತೊಳೆದರೆ ಚಿತ್ರ ಮತ್ತೆ ಕಾಣುತ್ತದೆ.

ಧಾರವಾಡದ ಟೀಚರ್ ಚಕ್ರವ್ಯೂಹದ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಗೆರೆಯನ್ನು ಗಾಳಿಯಲ್ಲೇ ಬೆರಳಿನಿಂದ ಹಿಂಬಾಲಿಸಿದರು. ಮುಟ್ಟಬೇಡಿ ಎಂದು ಕಾವಲಿನವರು ಹೇಳಿದ್ದರು. 'ಇದನ್ನ ಯಾರೋ ಗಂಡಸು ಕೊರೆದ ಅಂತ ಯಾಕೆ ಅನ್ಕೋಬೇಕು?' ಎಂದರು. ಯಾರೂ ಉತ್ತರ ಕೊಡಲಿಲ್ಲ, ಆದರೆ ಕಾವಲಿನವರು ನಕ್ಕರು.

ಅಲ್ಲಿಂದ ಸಾಳಾವಲಿ ಅಣೆಕಟ್ಟಿನ ಕಡೆ ಸ್ವಲ್ಪ ಸುತ್ತು ಹೊಡೆದೆವು. ವಾಸ್ಕೋದಲ್ಲಿ ನಮ್ಮ ನಲ್ಲಿಗೆ ಬರುವುದು ಈ ಅಣೆಕಟ್ಟಿನ ನೀರೇ. ದಕ್ಷಿಣ ಗೋವಾದ ದೊಡ್ಡ ಭಾಗ ಕುಡಿಯುವುದು ಇದನ್ನೇ. ಅದರ ಕೆಳಗೆ ಕುರ್ಡಿ ಎಂಬ ಊರಿದೆ. ಗಾಯಕಿ ಮೋಗೂಬಾಯಿ ಕುರ್ಡೀಕರ್ ಅವರ ಹೆಸರಿನಲ್ಲಿ ಇರುವ ಊರು ಇದೇ. 80ರ ದಶಕದಲ್ಲಿ ಊರು ಮುಳುಗಿತು, ಜನ ವಾಡೆಂ, ವಾಲ್ಕಿಣಿ ಕಡೆಗೆ ಹೋದರು. ಮೇ ತಿಂಗಳಲ್ಲಿ ನೀರು ಇಳಿದಾಗ ದೇವಸ್ಥಾನದ ಕಲ್ಲು, ಮನೆಯ ಪಾಯ ಎಲ್ಲ ಮೇಲೆ ಬರುತ್ತವೆ. ಹಳೆಯ ಊರವರು ಹೋಗಿ ಜಾತ್ರೆ ಮಾಡಿ ಬರುತ್ತಾರೆ. ಜನವರಿಯಲ್ಲಿ ಕಾಣುವುದು ಬರೀ ನೀರು. ನನ್ನ ಪಕ್ಕ ಕೂತಿದ್ದ ಬ್ಯಾಂಕಿನ ಹುಡುಗಿ, ನಮ್ಮ ಕಡೆ ಸೂಪಾ ಮುಳುಗಿದ ಹಾಗೇ ಅಲ್ವಾ ಎಂದಳು. ಹೌದು, ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಹೋಯಿತು, ಅಲ್ಲಿಯವರಿಗೆ ಹೊಸ ಊರಾಗಿ ರಾಮನಗರ ಬಂತು. ಸೂಪಾದ ಕರೆಂಟನ್ನೂ ನಾವು ಉರಿಸಿದ್ದೇವೆ, ಕುರ್ಡಿಯ ನೀರನ್ನೂ ಕುಡಿಯುತ್ತಿದ್ದೇವೆ.

ಕಾವ್ರೆ ತಲುಪುವಾಗ ಮಧ್ಯಾಹ್ನ. ಇದು ವೇಳಿಪರ ಊರು. ಊರಿನ ಮೇಲಿರುವ ಗುಡ್ಡ ದೇವಾಪಾಣ. ಹೆಸರಿನಲ್ಲೇ ದೇವರಿದ್ದಾರೆ, ಒಡಲಲ್ಲಿ ಅದಿರು ಇದೆ. ಹಾಗಾಗಿ ತೊಂದರೆ ಬಂತು. ಗಣಿ ಲಾರಿಗಳು ಈ ಊರಿನ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದವು. ಊರವರು ಲಾರಿ ತಡೆದರು. ಗೋವಾದಲ್ಲಿ ಗಣಿ ನಿಂತದ್ದು 2012ರಲ್ಲಿ, ಆಮೇಲೆ ಮತ್ತೆ ಶುರುವಾಯಿತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಲೀಸ್‌ಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಲಾರಿ ಇಟ್ಟುಕೊಂಡವರಿಗೆ ಅದು ದೊಡ್ಡ ಹೊಡೆತ. ಗದ್ದೆಗೆ ಕೆಂಪು ಕೆಸರು ನುಗ್ಗಿದವರಿಗೆ ಉಸಿರು ಬಂತು. ಒಂದೇ ಊರಿನಲ್ಲಿ ಇಬ್ಬರೂ ಇರುತ್ತಾರೆ, ಎಷ್ಟೋ ಸಲ ಒಂದೇ ಮನೆಯಲ್ಲೇ ಇರುತ್ತಾರೆ. ಇದನ್ನು ಯಾರೂ ಮುಚ್ಚಿಡಲಿಲ್ಲ.

ಸಭೆ ನಡೆದಿದ್ದು ಒಂದು ಮನೆಯ ಅಂಗಳದಲ್ಲಿ. ನಿನ್ನೆ ವೇದಿಕೆಯ ಕೊನೆಯ ಕುರ್ಚಿಯಲ್ಲಿದ್ದವರೇ ಇಲ್ಲಿ ಎಲ್ಲರನ್ನೂ ಚಾಪೆ ಮೇಲೆ ಸುತ್ತ ಕೂರಿಸಿದರು. ಬೆಲ್ಲ ಹಾಕಿದ ಕಪ್ಪು ಚಹಾ ಬಂತು. ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಅರಣ್ಯ ಹಕ್ಕು ಅರ್ಜಿಗಳು.

ಈ ಕಾನೂನಿನ ಬಗ್ಗೆ ನಮ್ಮಲ್ಲಿ ಕೇಳಿದ್ದು ಜಾಸ್ತಿ, ತಿಳಿದದ್ದು ಕಡಿಮೆ. 2006ರ ಕಾಯ್ದೆ. ಬುಡಕಟ್ಟಿನ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಮೀನು ಸಾಗುವಳಿ ಮಾಡುತ್ತಿದ್ದರೆ, 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಅದರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು ಇರಬೇಕು. ಗೋವಾದಲ್ಲಿ ಸುಮಾರು 10 ಸಾವಿರ ಅರ್ಜಿಗಳು ಸಲ್ಲಿಕೆಯಾಗಿವೆ. ಹಕ್ಕು ಸಿಕ್ಕರೆ ಬರುವ ಕಾಗದಕ್ಕೆ ಇಲ್ಲಿ ಸನದು ಎನ್ನುತ್ತಾರೆ. ಮದುವೆಯಾದವರಿದ್ದರೆ ಸನದಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಇದು ಕಾಯ್ದೆಯ ನಾಲ್ಕನೇ ಸೆಕ್ಷನ್‌ನಲ್ಲೇ ಇದೆ.

ಈ ಕೊನೆಯ ಮಾತು ನಾನು ಕನ್ನಡದಲ್ಲಿ ಹೇಳಿದ ಕೂಡಲೇ ನಮ್ಮ ಕಡೆಯವರೆಲ್ಲ ಮುಂದಕ್ಕೆ ಬಾಗಿದರು. ಗದಗದ ಅಕ್ಕ ಫೈಲಿನಿಂದ ಒಂದು ಸನದಿನ ಪ್ರತಿ ಕೇಳಿ ಪಡೆದರು. ದೇವನಾಗರಿ ಅವರಿಗೆ ನಿಧಾನಕ್ಕೆ ಓದಲು ಬರುತ್ತದೆ. ಬೆರಳಿಟ್ಟು ಎರಡು ಹೆಸರು ಓದಿದರು. ಗಂಡಿನದೊಂದು, ಹೆಣ್ಣಿನದೊಂದು.

'ನಮ್ಮವ್ವ ಹೊಲದಾಗ ದುಡಿದಾಕಿ. ಬಿತ್ತಾಕ ಆಕಿ, ಕಳೀ ತಗ್ಯಾಕ ಆಕಿ, ಶೇಂಗಾ ಕೀಳಾಕ ಆಕಿ. ಪಹಣಿಯೊಳಗ ಹೆಸರು ಅಪ್ಪಂದು. ಅಪ್ಪ ಹೋದ ಮ್ಯಾಲ ಅಣ್ಣಂದು' ಎಂದರು. ನಾನು ಕೊಂಕಣಿಗೆ ತಂದೆ. ಆ ಅಂಗಳದ ಹೆಂಗಸರು ತಲೆಯಾಡಿಸಿದರು.

'ನಿಮಗೂ ಪಾಲು ಇರುತ್ತೆ ಅಲ್ವಾ ಕಾನೂನಿನಲ್ಲಿ?' ಎಂದು ಕೇಳಿದಳು ಬ್ಯಾಂಕಿನ ಹುಡುಗಿ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಲ್ಲೇ ಬಂತು. ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ.

'ಇತ್ತಲ್ಲ. ಹಕ್ಕು ಬಿಡುಗಡಿ ಪತ್ರಕ್ಕ ಸಹಿ ಮಾಡೀನಿ. ತವರು ಬೇಕಲ್ಲವಾ. ಒಂದು ಇಳಕಲ್ ಸೀರಿ ಕೊಟ್ಟ ಅಣ್ಣ.'

ಅದನ್ನು ನಾನು ಅನುವಾದಿಸುವಾಗ ಒಂದು ಕ್ಷಣ ತಡವರಿಸಿದೆ. ನಾನೂ ಅಂಥದೇ ಪತ್ರಕ್ಕೆ ಸಹಿ ಮಾಡಿದವಳು. ನಮ್ಮ ಗುಂಪಿನಲ್ಲಿ ಮಾಡದವರು ಯಾರಿದ್ದೀರಿ ಎಂದು ಕೇಳಿದರೆ ಎಷ್ಟು ಕೈ ಏಳುತ್ತಿತ್ತೋ.

ಗೋವಾದ ಕಥೆ ಇನ್ನೂ ಸ್ವಾರಸ್ಯ. ಇಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕಾಲದಿಂದ ಬಂದ ಪದ್ಧತಿಯಿದೆ. ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದರೆ ಆಸ್ತಿಯಲ್ಲಿ ಹೆಂಡತಿ ಅರ್ಧಕ್ಕೆ ಒಡತಿ. ಮಗಳಿಗೂ ಮಗನಷ್ಟೇ ಪಾಲು. ಗೋವಾದ ಹೆಣ್ಣುಮಕ್ಕಳು ಪುಣ್ಯವಂತರು ಅಂತ ನಾವೆಲ್ಲ ಭಾಷಣ ಕೇಳಿದ್ದೇವೆ. ಅಂಗಳದ ಒಡತಿ ಇದಕ್ಕೆ ನಕ್ಕುಬಿಟ್ಟರು. 'ಅರ್ಧ ಅಂತಾರೆ. ಯಾವುದರ ಅರ್ಧ? ಮನೆ ಭಾಟಕಾರನ ಜಾಗದಲ್ಲಿ, ಗದ್ದೆ ಕೊಮುನಿದಾದ್‌ನದು, ಗೇರು ಗುಡ್ಡ ಅರಣ್ಯದವರದು. ಗಂಡನ ಹೆಸರಲ್ಲೇ ಏನೂ ಇಲ್ಲದಿದ್ದರೆ ನನಗೆ ಏನರ್ಧ?' ಕೊಮುನಿದಾದ್ ಎಂದರೆ ಊರಿನ ಸಮುದಾಯದ ಜಮೀನಿನ ಹಳೆಯ ಸಂಸ್ಥೆ. ಅದರ ಗಾಂವ್‌ಕಾರಿಕೆ, ಅಂದರೆ ಸದಸ್ಯತ್ವ, ತಂದೆಯಿಂದ ಮಗನಿಗೆ ಬರುವಂಥದ್ದು. ಭಾಟಕಾರ ಅಂದರೆ ಜಮೀನ್ದಾರ. ಅವನ ಜಾಗದಲ್ಲಿ ಮನೆ ಕಟ್ಟಿಕೊಂಡವರು ಮುಂಡಕಾರರು. ಅವರನ್ನು ಎಬ್ಬಿಸಬಾರದು ಅಂತ 1975ರ ಕಾನೂನಿದೆ. ಅದೂ ಕೋರ್ಟು ಕಚೇರಿಯ ದಾರಿಯೇ.

ಈ ಸಭೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಬ್ಬ ಹುಡುಗಿಯ ನೋಟ್‌ಬುಕ್. ಮಡಗಾಂವ್‌ನಲ್ಲಿ ಬಿ.ಎ. ಓದುತ್ತಾಳೆ. ಅಜ್ಜಿ ಹೇಳುವ ಹಾಡುಗಳನ್ನು ಬರೆದುಕೊಂಡಿದ್ದಾಳೆ. ಮೊದಲು ಸಾಹಿತ್ಯದ ಪ್ರಾಜೆಕ್ಟ್‌ಗೆ ಅಂತ ಶುರು ಮಾಡಿದಳಂತೆ. ಬರೆಯುತ್ತಾ ಹೋದಂತೆ ಹಾಡಿನೊಳಗೆ ಊರಿನ ನಕಾಶೆಯೇ ಇದೆ ಎಂದು ಗೊತ್ತಾಯಿತು. ಯಾವ ಝರಿ, ಯಾವ ಕಲ್ಲು, ನಾಚಣಿ (ರಾಗಿ) ಬಿತ್ತುತ್ತಿದ್ದ ಓರೆ ಯಾವುದು, ಸತ್ತವರನ್ನು ಹೂಳಿದ್ದು ಎಲ್ಲಿ, ದೇವರ ಕಾಡು ಎಲ್ಲಿಂದ ಶುರು, ಎಲ್ಲವೂ ಹೆಸರು ಸಮೇತ. ಅರಣ್ಯ ಹಕ್ಕಿನ ನಿಯಮಗಳಲ್ಲಿ ಸಾಕ್ಷಿ ಅಂದರೆ ಸರ್ಕಾರಿ ಕಾಗದ ಮಾತ್ರ ಅಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷಿ. ಬಾವಿ, ಬದು, ಸ್ಮಶಾನ, ದೇವರ ಜಾಗ ಇವೂ ಸಾಕ್ಷಿ. ಅಜ್ಜಿಯನ್ನು ಕೂರಿಸಿ, ಹಾಡಿನಲ್ಲಿ ಬಂದ ಜಾಗಗಳನ್ನು ಒಂದೊಂದಾಗಿ ಕೇಳಿ, ಹೇಳಿಕೆ ಬರೆದು, ಹೆಬ್ಬೆಟ್ಟು ಒತ್ತಿಸಿದ್ದಾಳೆ. ಆಮೇಲೆ ಊರಿನ ಹುಡುಗರು ಜಿಪಿಎಸ್ ಹಿಡಿದು ಅದೇ ಜಾಗಗಳಿಗೆ ಹೋಗಿದ್ದಾರೆ.

ಜನಪದ ಸಾಹಿತ್ಯ ಅಂತ ನಾವು ಸಂಗ್ರಹ ಮಾಡಿ, ಮುನ್ನುಡಿ ಬರೆದು, ಕಪಾಟಿನಲ್ಲಿ ಇಡುತ್ತೇವೆ. ಇಲ್ಲಿ ಅದು ಅರ್ಜಿ ನಮೂನೆಯ ಜೊತೆ ಪಿನ್ ಹಾಕಿ ತಾಲೂಕು ಕಚೇರಿಗೆ ಹೋಗುತ್ತಿದೆ. ಯಾವ ವಿಮರ್ಶಕರೂ ಆ ಹಾಡಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಕೊಡಲಾರರು ಅನ್ನೋದು ನನ್ನ ಅಭಿಪ್ರಾಯ.

ಎದ್ದು ಹೊರಡುವ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ನನ್ನ ಹತ್ತಿರ ಬಂದರು. ಕನ್ನಡದಲ್ಲೇ ಮಾತಾಡಿಸಿದರು. ತವರು ಉತ್ತರ ಕನ್ನಡದ ಜೋಯಿಡಾ. ಕುಣಬಿಯವರು. ಇಲ್ಲಿಗೆ ಮದುವೆಯಾಗಿ ಬಂದವರು. 'ನಮ್ಮ ಅಣ್ಣನ ಅರ್ಜಿ ವಾಪಸ್ ಬಂತು ಅಕ್ಕ' ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋವಾದ ಕುಣಬಿಗಳು ಪರಿಶಿಷ್ಟ ಪಂಗಡ. ಗಡಿ ದಾಟಿದರೆ ಜೋಯಿಡಾದ ಕುಣಬಿಗಳು ಅಲ್ಲ. ವರ್ಷಗಳಿಂದ ಕೇಳುತ್ತಿದ್ದಾರೆ, ಪಾದಯಾತ್ರೆ ಮಾಡಿದ್ದಾರೆ, ಕರ್ನಾಟಕದ ಪಟ್ಟಿಗೆ ಸೇರಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಿಗೆ 2005ರ ತಾರೀಖು ತೋರಿಸಿದರೆ ಸಾಕು. 'ಇತರ ಪಾರಂಪರಿಕ ಅರಣ್ಯವಾಸಿ'ಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಉತ್ತರ ಕನ್ನಡದಲ್ಲಿ ಸಾವಿರಾರು ಅರ್ಜಿಗಳು ಬಿದ್ದುಹೋಗಿದ್ದು ಈ 75 ವರ್ಷದ ಬಾಗಿಲಲ್ಲೇ. ಬ್ರಿಟಿಷರು ಕುಮರಿ ಬೇಸಾಯಕ್ಕೆ, ಅಂದರೆ ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತಾ ಮಾಡುವ ಬೇಸಾಯಕ್ಕೆ, ಕಡಿವಾಣ ಹಾಕಿ ಕಾಡಿನವರನ್ನು ಜಾಗದಿಂದ ಜಾಗಕ್ಕೆ ಓಡಿಸಿದ ಜಿಲ್ಲೆಯಲ್ಲಿ 75 ವರ್ಷದ ಕಾಗದ ಯಾರ ಹತ್ತಿರ ಇರುತ್ತದೆ?

ತಂಗಿಯ ಗಂಡನ ಮನೆಗೆ ಒಂದು ಲೆಕ್ಕ, ಅವಳ ತವರಿಗೆ ಇನ್ನೊಂದು ಲೆಕ್ಕ. ನಡುವೆ ಇರುವುದು ಒಂದು ಚೆಕ್‌ಪೋಸ್ಟ್.

ಶನಿವಾರ, ಕಾಣಕೋಣ

ಖೋಲಾದ ಗುಡ್ಡದ ಓರೆಯಲ್ಲಿ ಮಳೆಗಾಲದಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ನೀರಾವರಿ ಇಲ್ಲ, ಮಳೆಯೇ. ನೆಡುವುದು, ಕೀಳುವುದು, ಒಣಗಿಸುವುದು ಬಹುಪಾಲು ಹೆಂಗಸರು. ಖೋಲಾ ಮೆಣಸಿಗೆ 2020ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಕಡು ಕೆಂಪು, ಖಾರ ಮಧ್ಯಮ. ಬ್ಯಾಡಗಿ ಊರಿನ ಕಡೆಯವರು ನಮ್ಮಲ್ಲಿ ಒಬ್ಬರಿದ್ದರು. ಮೂಸಿ ನೋಡಿ, ತೊಟ್ಟು ಮುರಿದು, ಕಡೆಗೆ 'ಪರವಾಗಿಲ್ಲ' ಎಂದರು. ಬ್ಯಾಡಗಿಯವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡ ಮಾತು. ಎಲ್ಲರೂ ಕಟ್ಟಿಸಿಕೊಂಡೆವು. ಬೆಲೆ ಮಾತ್ರ ಜಾಸ್ತಿಯೇ. ಗುಡ್ಡ ಹತ್ತಿ ನೋಡಿದ ಮೇಲೆ ಚೌಕಾಶಿ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ.

ಸಂಜೆಯ ಸಭೆಯಲ್ಲಿ ಈ ಸಲ ನಮ್ಮನ್ನೇ ಮಾತಾಡಿ ಅಂದರು. ನಿಮ್ಮ ಕಡೆಯ ಹೆಂಗಸರ ಬಗ್ಗೆ ಹೇಳಿ ಎಂದರು. ನಾನು ನಮ್ಮ ಹಾಲಕ್ಕಿ ಸಮುದಾಯದ ಅಜ್ಜಿಯರ ಕಥೆ ಹೇಳಿದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ, ಸಾವಿರಾರು ಹಾಡು ಬಾಯಲ್ಲಿಟ್ಟುಕೊಂಡವರು, ಊರಿನಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಎಬ್ಬಿಸಿದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಹೋದರು. ಹೊನ್ನಳ್ಳಿಯ ತುಳಸಿ ಗೌಡ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ ಸಸಿ ಬೆಳೆಸಿದವರು, ಯಾವ ಬೀಜ ಯಾವಾಗ ಆಯಬೇಕು ಅಂತ ಕೈಯಲ್ಲೇ ತಿಳಿದವರು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಫೋಟೋ ಇಲ್ಲಿಯವರಿಗೂ ಗೊತ್ತಿತ್ತು.

'ಹಾಗಾದರೆ ಹಾಲಕ್ಕಿಯವರಿಗೆ ಎಸ್‌ಟಿ ಇದೆ' ಎಂದು ಒಬ್ಬರು ತಾವೇ ತೀರ್ಮಾನ ಮಾಡಿದರು. ಇಲ್ಲ ಎಂದೆ. ಅವರು ನಂಬಲಿಲ್ಲ. ಮತ್ತೊಮ್ಮೆ ಹೇಳಿದೆ. ಇಬ್ಬರು ಅಜ್ಜಿಯರಿಗೆ ದೆಹಲಿಯಲ್ಲಿ ಪದ್ಮಶ್ರೀ ಇದೆ, ಸಮುದಾಯಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲ. ಅದೇ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಸಿಕ್ಕಿತು. ಹಾಲಕ್ಕಿಗಳ, ಕುಣಬಿಗಳ ಫೈಲು ಇನ್ನೂ ಓಡಾಡುತ್ತಿದೆ.

ರಾತ್ರಿ ಧಾಲೊ. ಪುಷ್ಯ ಮಾಸದಲ್ಲಿ ಹೆಂಗಸರು ಮಾಡುವ ಕುಣಿತ ಇದು. ಊರಿನ ಮಾಂಡ್ ಎಂಬ ಜಾಗದಲ್ಲಿ ನಡೆಯುತ್ತದೆ. ಸಗಣಿ ಸಾರಿಸಿದ ಅಂಗಳ. ಚಪ್ಪಲಿ ಹೊರಗೆ. ಹೆಂಗಸರು ಎದುರು ಬದುರು ಎರಡು ಸಾಲಾಗಿ ನಿಂತು, ಪಕ್ಕದವರ ಸೊಂಟ ಬಳಸಿ, ಬಾಗಿ ಮುಂದೆ ಹೋಗಿ ಹಿಂದೆ ಬರುತ್ತಾರೆ. ಒಂದು ಸಾಲು ಹಾಡುತ್ತದೆ, ಇನ್ನೊಂದು ಸಾಲು ಎತ್ತಿಕೊಳ್ಳುತ್ತದೆ. ವಾದ್ಯ ಇಲ್ಲ. ಮೊದಲ ಹಾಡು ಭೂಮಿತಾಯಿಗೆ. ಹೀಗೆ ಹಲವು ರಾತ್ರಿ ನಡೆದು, ಕಡೆಯ ರಾತ್ರಿ ಕೆಲವರ ಮೈಮೇಲೆ ರಂಭಾ ಬರುತ್ತಾಳೆ. ನಾವು ಹೋಗಿದ್ದು ನಡುವಿನ ಒಂದು ರಾತ್ರಿ. ನಮ್ಮನ್ನು ಬದಿಗೆ ಕೂರಿಸಿ, ಫೋನ್ ಒಳಗಿಡಿ ಎಂದರು. ಇಟ್ಟೆವು. ಹಾಡುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಅವರವು.

ಒಂದೆರಡು ಹಾಡು ಮುಗಿಯುವ ಹೊತ್ತಿಗೆ ಗದಗದ ಅಕ್ಕನ ಕಾಲು ತಾನಾಗಿ ತಾಳ ಹಾಕತೊಡಗಿತು. 'ನಮ್ಮ ಸೋಬಾನಿ ಹಾಡಿನ ಎಳಿತ ಐತಿ ಇದರಾಗ' ಎಂದು ಪಿಸುಗುಟ್ಟಿದರು. ಗಂಡಸರು ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದರು. ಮಾಂಡ್‌ಗೆ ಅವರು ಬರುವ ಹಾಗಿಲ್ಲ.

ಎಷ್ಟು ಚಂದ ಅಲ್ವಾ, ಹೆಂಗಸರದೇ ಜಾಗ, ಹೆಂಗಸರದೇ ಯಜಮಾನಿಕೆ, ಎಂದು ಧಾರವಾಡದ ಟೀಚರ್ ಖುಷಿಯಾಗಿ ಹೇಳಿದರು. ನನಗೂ ಹಾಗೇ ಅನಿಸಿತ್ತು. ಪಕ್ಕದಲ್ಲಿದ್ದ ಹುಡುಗಿ, ನಿನ್ನೆಯ ನೋಟ್‌ಬುಕ್ಕಿನವಳೇ, ಅವಳೂ ಬಂದಿದ್ದಳು, ತಣ್ಣಗೆ ನೀರು ಎರಚಿದಳು. 'ಬಾಯ್, ಮಾಂಡ್ ಈ ಕೆಲವು ರಾತ್ರಿ ನಮ್ಮದು. ಊರ ದೇವಸ್ಥಾನದ ಸಮಿತಿಯಲ್ಲಿ ಹೆಂಗಸು ಯಾರಿದ್ದಾರೆ ಕೇಳಿ. ಗುಡ್ಡ ಯಾರಿಗೆ ಕೊಡಬೇಕು ಅಂತ ತೀರ್ಮಾನ ಆಗುವಾಗ ನಮ್ಮನ್ನು ಯಾರು ಕೇಳಿದ್ದಾರೆ? ಪೇಟೆಯಿಂದ ಬಂದವರು ನಮ್ಮ ಕುಣಿತ ನೋಡಿ ಇಲ್ಲಿ ಎಲ್ಲರೂ ಸಮಾನ ಅಂತ ಬರೆದುಕೊಂಡು ಹೋಗ್ತಾರೆ. ನಮ್ಮ ಅಣ್ಣಂದಿರಿಗೂ ಅದು ಅನುಕೂಲ.'

ಅವಳಿಗೆ ಸ್ತ್ರೀವಾದದ ಪುಸ್ತಕಗಳು ಗೊತ್ತು, ಕಾಲೇಜಿನಲ್ಲಿ ಓದಿದ್ದಾಳೆ. ಆದರೆ ಅದರಲ್ಲಿ ಬರುವ ಹೆಂಗಸಿಗೆ ಒಂದು ಮನೆ ಇದೆ, ಆ ಮನೆಯೊಳಗೆ ಅವಳ ಜಗಳ, ಎಂದಳು. ನಮ್ಮ ಜಗಳ ಮನೆಯೊಳಗೂ ಇದೆ, ಮನೆ ನಿಂತ ಜಾಗಕ್ಕೂ ಇದೆ. ಎರಡನೆಯದಕ್ಕೆ ಅಣ್ಣಂದಿರ ಜೊತೆ ನಿಲ್ಲಬೇಕು, ಮೊದಲನೆಯದಕ್ಕೆ ಅವರ ಎದುರು ನಿಲ್ಲಬೇಕು. ಅದೇ ಕಷ್ಟ. ಇದಕ್ಕೆ ಮೇಲೆ ನಾನು ಏನು ಸೇರಿಸಲಿ? ಆ ರಾತ್ರಿ ಪೂರ್ತಿ ಇದರ ಮೇಲೇ ಮಾತು. ಹೋಂಸ್ಟೇಯ ಅಜ್ಜ ಬಂದು ಲೈಟ್ ಆರಿಸಿ ಮಲಗಿಸಿದರು.

ಭಾನುವಾರ, ಝುವಾರಿ ನಗರ

ಕಡೆಯ ಸಭೆ ನಮ್ಮದೇ. ಗದಗದ ಅಕ್ಕನ ಬೀದಿಯಲ್ಲಿ, ದೇವಸ್ಥಾನದ ಪಕ್ಕದ ತಗಡಿನ ಶೀಟಿನ ಹಾಲ್. ಸುತ್ತ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದವರ ಮನೆಗಳು. ಗಾರೆ ಕೆಲಸ, ಮೀನಿನ ಜೆಟ್ಟಿ, ಮನೆಗೆಲಸ. ಕಾವ್ರೆಯ ಇಬ್ಬರು ಹೆಂಗಸರು, ನೋಟ್‌ಬುಕ್ ಹುಡುಗಿ ಮತ್ತು ಅವಳ ತಮ್ಮ ಬಂದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಕಾವ್ರೆಯವರು ಗೇರು ಬೀಜ ತಂದಿದ್ದರು.

ಊಟದ ತನಕ ಎಲ್ಲ ನಗುನಗುತ್ತಾ ನಡೆಯಿತು. ಆಮೇಲೆ ಹುಡುಗಿಯ ತಮ್ಮ ಒಂದು ಪ್ರಶ್ನೆ ಕೇಳಿದ. ಗೋವಾದ ಜಾಗ ಹೊರಗಿನವರ ಕೈಗೆ ಹೋಗುತ್ತಿದೆ ಅಂತ ನಾವು ಹೋರಾಡುತ್ತೇವೆ, ನೀವೂ ಹೊರಗಿನವರೇ ಅಲ್ಲವಾ? ಅವನ ಅಕ್ಕ ಅವನ ತೊಡೆಗೆ ಚಿವುಟಿದ್ದು ನನಗೆ ಕಂಡಿತು. ನಾನು ಕನ್ನಡಕ್ಕೆ ತರಲೋ ಬೇಡವೋ ಅನ್ನುವಷ್ಟರಲ್ಲಿ ಅರ್ಧ ಜನಕ್ಕೆ ಅರ್ಥವಾಗಿತ್ತು. ಇಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದವರಿಗೆ 'ಘಾಟಿ' ಅನ್ನುವ ಬೈಗುಳದ ಮಟ್ಟಿಗಾದರೂ ಕೊಂಕಣಿ ಬರುತ್ತದೆ.

ಒಬ್ಬ ಅಜ್ಜಿ ಎದ್ದರು. ವಾಸ್ಕೋದ ಬೈನಾ ಬೀಚಿನಲ್ಲಿ ಇದ್ದವರು. 2004ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಅಲ್ಲಿಯ ಮನೆಗಳನ್ನು ಕೆಡವಿದಾಗ ಪಾತ್ರೆ ಹೊತ್ತುಕೊಂಡು ಹೊರಬಿದ್ದವರು. ಬೈನಾ ಅಂದರೆ ಗೋವಾದವರಿಗೆ ಒಂದೇ ನೆನಪು, ಕೆಂಪು ದೀಪದ ಬೀದಿ. ಅಲ್ಲಿ ಬೇರೆ ಕೂಲಿಯವರೂ ಇದ್ದರು, ಮೀನಿನ ಕೆಲಸದವರೂ ಇದ್ದರು. 'ತಮ್ಮಾ, ನಾ ಜಾಗ ಕೊಳ್ಳಾಕ ಬಂದಿಲ್ಲ. ನಮ್ಮೂರಾಗ ಮಳಿ ಇಲ್ಲ ಅಂತ ಬಂದೀನಿ. ನಿಮ್ಮ ಗುಡ್ಡಾನ ನಾ ಹೊತ್ಕೊಂಡು ಹೋಗಂಗಿಲ್ಲ. ನಾ ಕೇಳೂದು ಸಾಯೂ ತನಕ ಒಂದು ಶೀಟಿನ ಮನಿ' ಎಂದರು.

ಹುಡುಗ ತಲೆ ತಗ್ಗಿಸಲಿಲ್ಲ, ಅದು ನನಗೆ ಇಷ್ಟವಾಯಿತು. ದೆಹಲಿಯಿಂದ ಬಂದು ಗುಡ್ಡ ಕೊಂಡು ವಿಲ್ಲಾ ಕಟ್ಟುವವರನ್ನೂ ನಿಮ್ಮನ್ನೂ ಒಂದೇ ಸಾಲಲ್ಲಿ ನಾನು ಇಡುವುದಿಲ್ಲ ಎಂದ. ಆದರೆ ವೋಟಿನ ಹೊತ್ತಿಗೆ ನಿಮ್ಮ ಹೆಸರು ಹೇಳಿ ನಮ್ಮನ್ನು, ನಮ್ಮ ಹೆಸರು ಹೇಳಿ ನಿಮ್ಮನ್ನು ಹೆದರಿಸುತ್ತಾರಲ್ಲ, ಅದಕ್ಕೆ ಏನು ಮಾಡೋದು? ಇದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ವಿಲ್ಲಾ ಕಟ್ಟುವ ಗಾರೆಯವರೇ ಆ ಬೀದಿಯಲ್ಲಿ ತುಂಬಾ ಇದ್ದಾರೆ. ಅದನ್ನೂ ಅವರೇ ಹೇಳಿದರು.

ಆಮೇಲೆ ಓದು. ಹುಡುಗಿ ತಾನು ಬರೆದ ಪದ್ಯ ಓದಿದಳು, ದೇವನಾಗರಿಯಲ್ಲಿ ಬರೆದದ್ದು. ಕೊಂಕಣಿಗೆ ಗೋವಾದ 1987ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇರುವ ಲಿಪಿ ಅದು. ನಾನು ಅದನ್ನು ಹಿಂದಿನ ರಾತ್ರಿಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದೆ. ಜೋಯಿಡಾದ ಕುಣಬಿ ಮಕ್ಕಳು ಓದುವುದಾದರೆ ಅದನ್ನೇ ಓದಬೇಕು. ಅವಳಿಗೆ ಆ ಹಾಳೆ ಬೇಕೆಂದಳು, ಕೊಟ್ಟೆ. ಗದಗದ ಅಕ್ಕ ಓದಲಿಲ್ಲ, ಒಂದು ಕುಟ್ಟುವ ಹಾಡು ಹಾಡಿದರು. ಕಾವ್ರೆಯವರು ಮತ್ತೊಮ್ಮೆ ಹಾಡಿಸಿದರು.

ಮುಂದಿನ ಸಭೆ ಜೋಯಿಡಾದಲ್ಲಿ ಆಗಲಿ ಎಂದು ಮಾತಾಗಿದೆ. ಅಲ್ಲಿ ಕುಣಬಿಗಳು ಗೆಡ್ಡೆ ಗೆಣಸಿನ ಮೇಳ ಮಾಡುತ್ತಾರೆ, ಆ ಹೊತ್ತಿಗೆ ಹೋದರೆ ಜನರೂ ಸಿಗುತ್ತಾರೆ, ತಿನ್ನಲೂ ಸಿಗುತ್ತದೆ. ಅಣ್ಣನ ಅರ್ಜಿ ವಾಪಸ್ ಬಂದವರು ಅಲ್ಲಿ ಮನೆ ವ್ಯವಸ್ಥೆ ನೋಡುತ್ತೇನೆ ಅಂದಿದ್ದಾರೆ. ಹುಡುಗಿ ಹಿರಿಯರ ಹೇಳಿಕೆ ಬರೆಯುವ ನಮೂನೆ ತರುತ್ತಾಳೆ, ನಾನು ಅದನ್ನು ಕನ್ನಡ ಮಾಡಬೇಕು. ಕಾರವಾರದಿಂದ ಅಣಶಿ ಘಾಟಿ ಹತ್ತಿ ಹೋಗುವುದಾ, ರಾಮನಗರದ ಮೇಲೆ ಸುತ್ತಿ ಹೋಗುವುದಾ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಉದ್ಘಾಟನೆಗೆ ಶಾಸಕರನ್ನು ಕರೆಯೋಣ, ಅನುಕೂಲ ಆಗುತ್ತೆ ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಗದಗದ ಅಕ್ಕ ಕೂಡಲೇ ಎದ್ದು ನಿಂತರು. 'ಕರೀರಿ. ಆದ್ರ ಚಾಪಿ ಮ್ಯಾಲ ಕುಂದ್ರಬೇಕು, ಕಡೀಗೆ ಮಾತಾಡಬೇಕು.' ಈ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಜಗಳ ನಡೆಯುತ್ತಿದೆ.